ಏಳು ತೊಳೆದು ಎಂಟು ಬರೆದದ್ದು

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಂಟುನೀರಕ್ಕ ಅಂದರೆ ಸಾಕು, ಗೇಟು ಕಾಯುವವನಿಂದ ಹಿಡಿದು ದೊಡ್ಡ ಮೇಡಮ್ ತನಕ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವರ ಕೆಲಸ ತೊಳೆಯುವುದು. ಪಾತ್ರೆಯನ್ನಲ್ಲ, ಬಟ್ಟೆಯನ್ನಲ್ಲ, ಬೆಂಕಿಕಡ್ಡಿಗಿಂತ ಸಣ್ಣ ಗಾಜಿನ ಎಳೆಗಳ ತುದಿಯನ್ನು. ಹನ್ನೆರಡು ತುದಿಗಳ ಒಂದೊಂದು ಕಂತನ್ನೂ ಎಂಟು ಸಲ ತೊಳೆಯಬೇಕು, ಒಂದೊಂದು ತೊಳೆತಕ್ಕೂ ಮೂರು ಗಂಟೆ. ಹದಿನಾಲ್ಕು ವರ್ಷ ಇದೇ ಕೆಲಸ. ಊಟದ ಡಬ್ಬಿಯನ್ನೂ ಎಂಟು ಸಲ ತೊಳೆಯುತ್ತಾರೆ ಅಂತ ನಾವು ತಮಾಷೆ ಮಾಡಿದರೆ, "ಬಾ, ನಿನ್ನ ಬಾಯೊಂದು ತೊಳೆಯೋದು ಬಾಕಿ ಇದೆ" ಅನ್ನುತ್ತಿದ್ದರು.

ನಾನು ಅಲ್ಲಿ ವ್ಯಾನಿನ ಡ್ರೈವರು. ಓದು ಕಮ್ಮಿ. ಆ ತುದಿಗಳಲ್ಲಿ ಅಂಥದ್ದೇನಿದೆ ಅಂತ ಕೇಳಿದಾಗ ವ್ಯಾನಿನಲ್ಲಿ ಪಕ್ಕ ಕೂತು ತಿಳಿಸಿಕೊಟ್ಟವರು ಅವರೇ.

"ಹಲ್ಲಿನ ಡಾಕ್ಟ್ರು ಅಚ್ಚು ತೆಗೀತಾರಲ್ಲ ತಮ್ಮ, ಮೆತ್ತಗಿರೋದನ್ನ ಬಾಯಲ್ಲಿಟ್ಟು ಕಚ್ಚು ಅಂತಾರೆ. ಗಟ್ಟಿಯಾದ್ಮೇಲೆ ಹೊರಗೆ ತೆಗೆದ್ರೆ ನಿನ್ನ ಹಲ್ಲಿಗೆ ಸರಿಯಾದ ಗುಳಿ ಇರತ್ತೆ. ಇದೂ ಹಾಗೇ. ಹೊಲಕ್ಕೆ ಹೊಡೆಯೋ ಒಂದು ಕೀಟನಾಶಕ ಇದೆ. ಅದರ ಒಂದಿಷ್ಟು ಕಣಗಳನ್ನ ಮೊದಲು ಮೆತ್ತಗಿರೋ ಪಾಲಿಮರ್‌ನಲ್ಲಿ ಬೆರೆಸ್ತಾರೆ. ಅದನ್ನ ಗಾಜಿನ ತುದಿಗೆ ಸವರಿ ದೀಪದ ಕೆಳಗೆ ಇಟ್ರೆ ಗಟ್ಟಿಯಾಗತ್ತೆ. ಆಮೇಲೆ ನಾನು ತೊಳೆದು ತೊಳೆದು ಆ ಕಣ ಎಲ್ಲಾ ತೆಗೀತೀನಿ. ಗುಳಿ ಮಾತ್ರ ಉಳಿಯತ್ತೆ. ಮುಂದೆ ನೀರಲ್ಲಿ ಅದೇ ವಿಷ ಬಂದ್ರೆ ಆ ಗುಳೀಲಿ ಹೋಗಿ ಕೂರತ್ತೆ. ಕೂತ ತಕ್ಷಣ ತುದಿ ಕೆಂಪಗೆ ಹೊಳೆಯತ್ತೆ. ಎಷ್ಟು ಹೊಳೀತು ಅಂತ ತುದಿಗೆ ಜೋಡಿಸಿದ ಯಂತ್ರದ ಡಬ್ಬಿ ಅಂಕಿ ತೋರಿಸತ್ತೆ."

"ಸರಿಯಾಗಿ ತೊಳೀದೇ ಇದ್ರೆ?"

"ಒಳಗೆ ಉಳಿದದ್ದು ಸುಮ್ನೆ ಇರಲ್ಲ. ತುದಿ ನೀರು ಕುಡಿದು ಉಬ್ಬಿದಾಗ ನಿಧಾನಕ್ಕೆ ಮೇಲೆ ಬಂದು ಖಾಲಿ ಗುಳೀಲಿ ಕೂರತ್ತೆ. ನೀರು ಚೆನ್ನಾಗಿದ್ರೂ ವಿಷ ಇದೆ ಅಂತ ಸುಳ್ಳು ಹೇಳತ್ತೆ."

ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಒಂದು ದಿನ ಮಧ್ಯಾಹ್ನ ಮೂರೂ ಮುಕ್ಕಾಲಕ್ಕೆ ಅಕ್ಕನಿಗೆ ಅಳಿಯನ ಫೋನು ಬಂತು. ಮಗಳಿಗೆ ಮೂರು ವಾರ ಮುಂಚೆಯೇ ಹೆರಿಗೆ ನೋವು ಶುರುವಾಗಿತ್ತು. ಅಕ್ಕ ಆಗ ತಾನೇ ಏಳನೇ ತೊಳೆತ ಚೆಲ್ಲಿದ್ದರು. ಚೆಲ್ಲುವ ಮುಂಚೆ ಅದನ್ನು ದೀಪಕ್ಕೆ ಹಿಡಿದು ನೋಡಿದ್ದರು. ಕಣ ಇನ್ನೂ ಇಳಿಯುತ್ತಿದ್ದರೆ ಆ ನೀರೂ ಕೆಂಪಗೆ ಹೊಳೆಯಬೇಕು, ಅದರಲ್ಲಿ ಕೆಂಪಿನ ಸುಳಿವೂ ಇರಲಿಲ್ಲ. ಏಳಕ್ಕೇ ಎಷ್ಟೋ ಸಲ ಹಾಗಿರುತ್ತದೆ, ಎಂಟನೆಯದು ಹೊಟ್ಟೆ ತುಂಬಿದವರಿಗೆ ಬಡಿಸುವ ಕೊನೇ ತುತ್ತಿನ ಹಾಗೆ ಅಂತ ಅವರೇ ಹೇಳುತ್ತಿದ್ದರು. ಹನ್ನೆರಡು ತುದಿಗಳನ್ನೂ ಒಣಗುವ ಪೆಟ್ಟಿಗೆಗೆ ಇಟ್ಟು, ನಾಳೆ ಬಂದು ಎಂಟನೆಯದು ಮಾಡೋಣ ಅಂದುಕೊಂಡು ಓಡಿದರು. ಆಸ್ಪತ್ರೆಗೆ ಬಿಟ್ಟವನು ನಾನೇ. ದಾರಿಯುದ್ದಕ್ಕೂ ಕೈಚೀಲದ ಹಿಡಿ ಹಿಂಡುತ್ತಿದ್ದರು.

ಹೆಣ್ಣು ಮಗು. ತೂಕ ಕಮ್ಮಿ, ಆದರೆ ಗಟ್ಟಿಗಿತ್ತಿ.

ಮಾರನೇ ದಿನ ಮಧ್ಯಾಹ್ನ ಅಕ್ಕ ಕೆಲಸಕ್ಕೆ ಬಂದಾಗ ಎಲ್ಲರೂ ಮುತ್ತಿಕೊಂಡು "ಅಜ್ಜಿ ಅಜ್ಜಿ" ಅಂತ ಗಲಾಟೆ ಎಬ್ಬಿಸಿದರು. ಆ ಗಲಾಟೆಯ ನಡುವೆ ಅವರು ಒಣಗುವ ಪೆಟ್ಟಿಗೆ ತೆಗೆದರೆ ಅದು ಖಾಲಿ. ತುದಿಗಳನ್ನು ಬೆಳಿಗ್ಗೆಯೇ ಯಾರೋ ತೊಳೆತ ಮುಗಿದಿದೆ ಅಂದುಕೊಂಡು ಎತ್ತಿಕೊಂಡು ಹೋಗಿ ಉಕ್ಕಿನ ಟೋಪಿ ಕೂರಿಸಿ ಅಂಟು ಹಾಕಿ ಮುಚ್ಚಿಯಾಗಿತ್ತು. ಟೋಪಿ ಕೂತ ಮೇಲೆ ತೊಳೆಯುವ ಹಾಗಿಲ್ಲ, ಇಡೀ ಕಂತು ಬಿಸಾಡಬೇಕು. ಒಂದು ಕಂತು ಅಂದರೆ ನಾಲ್ಕು ಜನರ ಮೂರು ವಾರದ ದುಡಿಮೆ. ಊರಿಗೆ ನದಿಯ ನೀರು ಬಿಡುವ ಘಟಕದವರು ಅಂದು ಸಂಜೆಯೇ ಒಯ್ಯಲು ಬರುವವರಿದ್ದರು. ಮೇಜಿನ ಮೇಲೆ ತೊಳೆತದ ಪುಸ್ತಕ ತೆರೆದಿತ್ತು. ಎಂಟನೇ ಸಾಲು ಬರಿದಾಗಿತ್ತು.

ಅಕ್ಕ ಪೆನ್ನು ತೆಗೆದು ಬರೆದರು: ಎಂಟು, ನಾಲ್ಕರಿಂದ ಏಳು ಗಂಟೆ, ಸ್ವಚ್ಛ. ಕೆಳಗೆ ಸಹಿ.

ಇದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ನಾನು ಈಗ ಹೇಳಹೊರಟ ಮಂಗಳವಾರ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಮೇಡಮ್ಮಿಗೆ ನೀರಿನ ಘಟಕದ ಇಂಜಿನಿಯರ್ ಫೋನ್ ಮಾಡಿದರು. ನಾನು ಸಹಿಗೆ ಅಂತ ವ್ಯಾನಿನ ಪುಸ್ತಕ ಹಿಡಿದು ಅವರ ಮೇಜಿನ ಮುಂದೆ ನಿಂತಿದ್ದೆ. ಅಕ್ಕ ಹಿಂದಿನ ಕಪಾಟಿನಲ್ಲಿ ಸೀಸೆ ಜೋಡಿಸುತ್ತಿದ್ದರು. ಮೇಡಮ್ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವ ಹಾಗೆ ಮಾಡಿದರು.

"ಮೇಡಮ್, ನಿಮ್ಮ ಡಬ್ಬಿ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇದ್ದಾಗ ಕೂಗಿಕೊಂಡಿದೆ. ನಲವತ್ತು ದಾಟಿದ್ರೆ ನಿಲ್ಲಿಸಬೇಕು ಅನ್ನೋದು ನಿಯಮ, ಪೂರ್ವದ ಬಡಾವಣೆಗಳಿಗೆ ನೀರು ನಿಲ್ಲಿಸಿದ್ದೀನಿ. ಆದ್ರೆ ನಂಗೆ ಯಾಕೋ ಅನುಮಾನ."

"ಏನು ಅನುಮಾನ?"

"ವಿಷ ಬಂದ್ರೆ ದಿಢೀರ್ ಅಂತ ಏರಬೇಕಲ್ವಾ? ಇದು ನಿನ್ನೆ ಸಂಜೆಯಿಂದ ಇರುವೆ ಹತ್ತಿದ ಹಾಗೆ ಹತ್ತಿದೆ. ಹನ್ನೆರಡು, ಹದಿನೇಳು, ಇಪ್ಪತ್ತೈದು... ನಿನ್ನೆ ತಾನೇ ಹಾಕಿದ ತುದಿ, ಅದೇ ಕೆಟ್ಟಿರಬಹುದಾ ಅಂತ. ನೀರನ್ನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದೀನಿ, ಉತ್ತರ ಬರೋಕೆ ಎರಡು ದಿನ. ಅಲ್ಲೀ ತನಕ ಅಷ್ಟು ಮನೆಗಳಿಗೆ, ಎರಡು ಆಸ್ಪತ್ರೆಗೆ ನೀರಿಲ್ಲ ಅಂದ್ರೆ ಮೇಲಿನವರು ನನ್ನ ಚರ್ಮ ಸುಲೀತಾರೆ. ನಿಮ್ಮ ಕಡೆ ತಪ್ಪಿದೆಯಾ ಇಲ್ಲವಾ, ಒಂದು ಮಾತು ಹೇಳಿ. ಮಧ್ಯಾಹ್ನ ಹನ್ನೆರಡಕ್ಕೆ ನಾನು ತೀರ್ಮಾನ ತಗೋಬೇಕು."

ಮೇಡಮ್ ತೊಳೆತದ ಪುಸ್ತಕ ತರಿಸಿ ಹಾಳೆ ಮಗುಚಿದರು. ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದರು.

"ಎಂಟೂ ಆಗಿದೆ. ನಮ್ಮ ಕಡೆ ತಪ್ಪು ಕಾಣ್ತಿಲ್ಲ. ಆದ್ರೂ ಇನ್ನೊಂದು ಸಲ ಎಲ್ಲಾ ನೋಡಿ ಹೇಳ್ತೀನಿ" ಅಂದರು.

ಕಪಾಟಿನ ಕಡೆಯಿಂದ ಸೀಸೆಗೆ ಸೀಸೆ ತಗುಲಿದ ಸದ್ದು ಬಂತು. ನಾನು ತಿರುಗಿ ನೋಡಿದೆ. ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಮಗಳ ಮನೆ ಪೂರ್ವದ ಬಡಾವಣೆಯಲ್ಲಿದೆ, ಅದಕ್ಕೇ ಗಾಬರಿ ಅಂತ ನಾನು ತಿಳಿದೆ. ಅದೂ ನಿಜವೇ, ಆದರೆ ಪೂರ್ತಿ ನಿಜವಲ್ಲ.

ಅಕ್ಕ ಮೊಗಸಾಲೆಗೆ ಹೋಗಿ ಮಗಳಿಗೆ ಫೋನ್ ಹಚ್ಚಿದರು. ನಾನೂ ಹಿಂದೆಯೇ ಹೋದೆ. ಅವರು ಮಾತಾಡುವಾಗ ಕಿಟಕಿಯ ಕಂಬಿ ಗಟ್ಟಿಯಾಗಿ ಹಿಡಿದಿದ್ದರು.

"ನಲ್ಲಿ ನೀರು ಮಗೂಗೆ ಕೊಡಬೇಡ ಕಣೆ. ಹಾಲಿನ ಪುಡಿ ಕಲಸೋದಕ್ಕೂ ಬೇಡ."

ಮಗಳು ಆ ಕಡೆಯಿಂದ ಏನೋ ಹೇಳಿದಳು. ಅಕ್ಕ ಹಾಗೇ ಗೋಡೆಗೆ ಒರಗಿದರು.

"ಕುದಿಸಿದ್ರೂ ಹೋಗಲ್ಲಮ್ಮ ಅದು... ಯಾವಾಗಿಂದ? ಎಷ್ಟು ಸಲ?... ಅಳಿಯಂದಿರು ಎಲ್ಲಿ?... ಸರಿ, ಕ್ಲಿನಿಕ್ಕಿಗೆ ಹೊರಡು. ಈಗಲೇ ಹೊರಡು."

ಮಗು ಮುಂಜಾನೆಯಿಂದ ಮೂರು ಸಲ ವಾಂತಿ ಮಾಡಿಕೊಂಡಿತ್ತು. ಎರಡು ತಿಂಗಳ ಮಗು, ತಾಯಿಯ ಹಾಲು ಸಾಲದೆ ಪುಡಿ ಹಾಲು ಕುಡಿಯುತ್ತಿತ್ತು. ಹಿಂದಿನ ಸಂಜೆಯಿಂದ ಕಲಸಿದ್ದೆಲ್ಲಾ ಆ ನೀರಿನಲ್ಲೇ.

"ಮಕ್ಕಳು ವಾಂತಿ ಮಾಡೋದು ಇದ್ದದ್ದೇ ಅಕ್ಕ" ಅಂದೆ. ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು. ಅವರು ಕೇಳಿಸಿಕೊಳ್ಳಲೂ ಇಲ್ಲ. ತೊಳೆಯುವ ಕೋಣೆಗೆ ಹೋಗಿ ತೊಟ್ಟಿಯ ಅಂಚಿನಲ್ಲಿ ಕೂತರು. ಮತ್ತೆ ಎದ್ದರು, ಮತ್ತೆ ಕೂತರು. ಆಸಿಟಿಕ್ ಆಮ್ಲದ ಹುಳಿ ವಾಸನೆ ಆ ಕೋಣೆಯಲ್ಲಿ ಯಾವಾಗಲೂ ಇರುತ್ತಿತ್ತು.

ಅವರ ಸಂಕಟ ಎಂಥದ್ದು ಅಂತ ಆಮೇಲೆ ನನಗೆ ಬಿಡಿಸಿ ಹೇಳಿದ್ದಾರೆ. ತನ್ನ ತೊಳೆತ ತಪ್ಪಿದ್ದರೆ ನೀರು ಒಳ್ಳೆಯದು, ಮೊಮ್ಮಗಳಿಗೆ ಏನೂ ಆಗಿಲ್ಲ. ತೊಳೆತ ಸರಿಯಾಗಿದ್ದರೆ ಮಗುವಿನ ಹೊಟ್ಟೆಯಲ್ಲಿ ವಿಷ. "ದೇವರೇ, ತಪ್ಪು ನಂದೇ ಆಗಿರಲಿ, ಸುಳ್ಳಿ ಅಂತ ಊರೆಲ್ಲಾ ಉಗೀಲಿ" ಅಂತ ಬೇಡಿಕೊಂಡರಂತೆ. ಹಾಗಾದರೆ ಹೋಗಿ ಒಪ್ಪಿಕೊಂಡುಬಿಡಬಹುದಲ್ಲ? ಅಲ್ಲೇ ಕೊಕ್ಕೆ ಇದ್ದದ್ದು. ಏಳೇ ಸಲ ತೊಳೆದೆ ಅಂತ ಬಾಯಿ ಬಿಟ್ಟರೆ ಇಂಜಿನಿಯರ್ ನಿರಾಳವಾಗಿ ನೀರು ಬಿಡುತ್ತಾರೆ. ಆಮೇಲೆ ನೀರಿನಲ್ಲಿ ನಿಜಕ್ಕೂ ವಿಷ ಇದ್ದರೆ? ಬಾಯಿ ಮುಚ್ಚಿಕೊಂಡರೆ ನೀರು ನಿಂತಿರುತ್ತದೆ, ಯಾರಿಗೂ ಅಪಾಯವಿಲ್ಲ, ತನ್ನ ಮಾನವೂ ಉಳಿಯುತ್ತದೆ. ಸುಮ್ಮನಿರುವುದೇ ಪುಣ್ಯದ ಕೆಲಸ ಅಂತ ಅರ್ಧ ಗಂಟೆ ತನಗೆ ತಾನೇ ಹೇಳಿಕೊಂಡರು.

ಹತ್ತೂವರೆಗೆ ಮಗಳು ಕ್ಲಿನಿಕ್ಕಿನಿಂದ ಫೋನ್ ಮಾಡಿದಳು.

"ಅಮ್ಮ, ಡಾಕ್ಟ್ರು ಕೇಳ್ತಿದಾರೆ. ನೀರಲ್ಲಿ ಏನೋ ಇದೆ ಅಂತ ಸುದ್ದಿ, ನಿಜವಾ ಸುಳ್ಳಾ? ವಿಷ ಅಂದ್ರೆ ಇವಳನ್ನ ದೊಡ್ಡಾಸ್ಪತ್ರೆಗೆ ಕಳಿಸಿ ರಕ್ತ ತೆಗೀತಾರಂತೆ, ಔಷಧಿ ಬೇರೆ ಅಂತೆ. ಇಲ್ಲಾಂದ್ರೆ ಆ ಔಷಧಿ ಸುಮ್ನೆ ಕೊಡೋ ಹಾಗಿಲ್ಲ, ಅದೇ ಅಪಾಯ ಅಂತೆ. ನಿಮ್ಮ ಲ್ಯಾಬಿನ ಡಬ್ಬೀನೇ ಅಲ್ವಾ ಅದು? ನಿಂಗೆ ಗೊತ್ತಿರತ್ತಲ್ಲ?"

ಅಕ್ಕ ಫೋನು ಇಟ್ಟರು. ತಮ್ಮ ಮೇಜಿನ ಕೆಳಗಿನ ಖಾನೆ ಎಳೆದು, ಹತ್ತಿಯಲ್ಲಿ ಸುತ್ತಿದ ಏನನ್ನೋ ಕೋಟಿನ ಜೇಬಿಗೆ ಹಾಕಿಕೊಂಡು, ನೆಟ್ಟಗೆ ಮೇಡಮ್ಮಿನ ಕೋಣೆಗೆ ನಡೆದರು. ಬಾಗಿಲು ತಟ್ಟಲೂ ಇಲ್ಲ.

"ಮೇಡಮ್, ಆ ಕಂತನ್ನ ನಾನು ಏಳೇ ಸಲ ತೊಳೆದಿದ್ದು. ಎಂಟು ಅಂತ ಸುಳ್ಳು ಬರೆದೆ."

ಮೇಡಮ್ಮಿನ ಕೈ ಪುಸ್ತಕದ ಮೇಲೆಯೇ ಇತ್ತು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬಾಗಿಲಲ್ಲಿ ನಿಂತ ನನಗೆ.

"ಯಾಕೆ ಅಂತ ಆಮೇಲೆ ಕೇಳ್ತೀನಿ" ಅಂದರು. "ಇಂಜಿನಿಯರ್‌ಗೆ ಈಗಲೇ ಹೇಳಬೇಕು." ಫೋನಿಗೆ ಕೈ ಹಾಕಿದರು.

"ಹೇಳಿ ಮೇಡಮ್, ಆದ್ರೆ ನೀರು ಬಿಡಬೇಡಿ ಅಂತಲೂ ಹೇಳಿ!" ಅಕ್ಕನ ದನಿ ಕೀರಲಾಯಿತು. "ಏಳು ತೊಳೆದ್ರೆ ಸುಳ್ಳು ಹೇಳಬಹುದು, ಹೇಳದೆಯೂ ಇರಬಹುದು. ಯಾವುದು ಅಂತ ಇಲ್ಲಿ ಕೂತು ಗೊತ್ತಾಗಲ್ಲ. ಇದನ್ನ ಅಲ್ಲಿ ಇಟ್ಟು ನೋಡೋಣ."

ಜೇಬಿನಿಂದ ಹತ್ತಿ ಬಿಚ್ಚಿ ತೋರಿಸಿದರು. ಅದು ಹಿಂದಿನ ಕಂತಿನ ತುದಿ. ಗಾಜು ಸ್ವಲ್ಪ ಓರೆಯಾಗಿ ಕತ್ತರಿಸಿದೆ ಅಂತ ಕಳಿಸದೆ ತೆಗೆದಿಟ್ಟದ್ದು. ಹಳೇ ಕಂತಿನದು ಬೇರೆ ಒಂದೂ ಉಳಿದಿರಲಿಲ್ಲ, ಘಟಕದಲ್ಲಿದ್ದ ಬದಲಿ ತುದಿಗಳೂ ಆ ಏಳರ ಕಂತಿನವೇ.

"ಇದು ಅರ್ಧ ಬೆಳಕೇ ಕೊಡೋದು ಮೇಡಮ್. ನಲವತ್ತು ಇದ್ರೆ ಇಪ್ಪತ್ತು ತೋರಿಸತ್ತೆ. ಆದ್ರೆ ಎಂಟೂ ತೊಳೆತ ಆಗಿದೆ. ಇದಕ್ಕೆ ನಾನು ಆಣೆ ಮಾಡ್ತೀನಿ."

ಮೇಡಮ್ ಒಂದು ಗಳಿಗೆ ಅವರ ಮುಖ ನೋಡಿದರು. ಆ ಆಣೆಗೆ ಈಗ ಎಷ್ಟು ಬೆಲೆ ಅಂತ ತೂಗುತ್ತಿದ್ದ ಹಾಗಿತ್ತು. ಅಕ್ಕ ತಲೆ ತಗ್ಗಿಸಿದರು. ಆಮೇಲೆ ಮೇಡಮ್ ನನ್ನ ಕಡೆ ತಿರುಗಿ, "ವ್ಯಾನ್ ತೆಗೀರಿ" ಅಂದರು.

ದಾರಿಯಲ್ಲಿ ಮೇಡಮ್ ಇಂಜಿನಿಯರ್‌ಗೆ ಫೋನ್ ಮಾಡಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ಆ ಕಡೆಯಿಂದ ಎಷ್ಟು ಜೋರಾಗಿ ಕೂಗಿದರೆಂದರೆ ಎಂಜಿನ್ನಿನ ಸದ್ದಿನಲ್ಲೂ ನನಗೆ ಕೇಳಿಸಿತು. ಹನ್ನೆರಡರ ತನಕ ಕಾಯುತ್ತೇನೆ, ಒಂದು ನಿಮಿಷ ಹೆಚ್ಚಿಲ್ಲ ಅಂದರು. ಹನ್ನೊಂದೂ ಕಾಲಾಗಿತ್ತು. ಪೂರ್ವದ ರಸ್ತೆಯಲ್ಲಿ ಆಗಲೇ ಜನ ಬಕೆಟ್ಟು, ಕ್ಯಾನು ಹಿಡಿದು ಟ್ಯಾಂಕರ್ ಹಿಂದೆ ಸಾಲು ನಿಂತಿದ್ದರು. ದಾರಿ ಬಿಡುವವರಿಲ್ಲ. ನಾನು ಹಾರನ್ ಹೊಡೆದದ್ದೇ ಹೊಡೆದದ್ದು, ಬೈಸಿಕೊಂಡದ್ದೇ ಬೈಸಿಕೊಂಡದ್ದು. ಅಕ್ಕ ಹಿಂದಿನ ಸೀಟಿನಲ್ಲಿ ಎರಡೂ ಕೈಯಲ್ಲಿ ಹತ್ತಿಯ ಗಂಟನ್ನು ಹಿಡಿದುಕೊಂಡಿದ್ದರು, ಮೊಟ್ಟೆ ಹಿಡಿದ ಹಾಗೆ.

ಘಟಕದ ಕೋಣೆ ಸಣ್ಣದು. ಗೋಡೆಗೆ ಹಸಿರು ಬಣ್ಣ, ಪಂಪುಗಳ ಗುಂಯ್‌ಗುಟ್ಟುವಿಕೆಗೆ ನೆಲವೇ ನಡುಗುತ್ತಿತ್ತು. ನದಿಯಿಂದ ಬಂದ ನೀರು ಒಂದು ಸಣ್ಣ ನಲ್ಲಿಯಿಂದ ಸ್ಟೀಲ್ ಲೋಟಕ್ಕೆ ಬಿಡದೆ ಸುರಿದು ಉಕ್ಕಿ ಹೋಗುತ್ತಿತ್ತು. ಆ ಲೋಟದಲ್ಲಿ ತುದಿ ಮುಳುಗಿತ್ತು. ಪಕ್ಕದಲ್ಲಿ ಶೂ ಡಬ್ಬದಷ್ಟು ದೊಡ್ಡ ಯಂತ್ರ, ಅದರ ಮೇಲೆ ಅಂಕಿ: ನಲವತ್ತೇಳು.

ಇಂಜಿನಿಯರ್ ಎತ್ತರದ ಮನುಷ್ಯ. ಅಕ್ಕನನ್ನು ನೋಡಿ, "ಇವರೇನಾ?" ಅಂದರು.

"ಇವರೇ" ಅಂದರು ಮೇಡಮ್. ಅಷ್ಟೇ.

ಅಕ್ಕ ಯಂತ್ರದಲ್ಲಿದ್ದ ತುದಿ ಬಿಚ್ಚಿ, ತಾವು ತಂದದ್ದನ್ನು ಹಾಕಿದರು. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲೂ ಕನ್ನಡಕ ಬೇಕು ಅನ್ನುವ ಹೆಂಗಸು, ಒಂದೇ ಸಲಕ್ಕೆ ಕೂರಿಸಿದರು. ಮೊದಲು ಶುದ್ಧ ನೀರಿನ ಸೀಸೆಯಲ್ಲಿ ಇಟ್ಟರು. ಅಂಕಿ ಸೊನ್ನೆ. ಐದು ನಿಮಿಷ ಕಾದರು. ಸೊನ್ನೆಯೇ. ಆಮೇಲೆ ನದಿಯ ನೀರಿಗೆ ಇಳಿಸಿದರು.

ಇಪ್ಪತ್ತು ನಿಮಿಷ ಕಾಯಬೇಕು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇಪ್ಪತ್ತೆರಡು ನಿಮಿಷ ಇತ್ತು.

ಸೊನ್ನೆ. ಸೊನ್ನೆ. ಇಂಜಿನಿಯರ್ ಕೈಕಟ್ಟಿ ನಿಂತಿದ್ದರು. ಅಕ್ಕ ಬೆಂಚಿನ ತುದಿಯಲ್ಲಿ ಕೂತು ಅಂಕಿಯನ್ನೇ ನೋಡುತ್ತಿದ್ದರು, ರೆಪ್ಪೆ ಬಡಿಯುತ್ತಿರಲಿಲ್ಲ. ಸೊನ್ನೆಯಲ್ಲೇ ನಿಲ್ಲಲಿ ಅಂತ ಅವರ ತುಟಿ ಅಲುಗುತ್ತಿದ್ದದ್ದು ನನಗೆ ಕಂಡಿತು. ನಾನೂ ಮನಸ್ಸಿನಲ್ಲೇ ನಿಲ್ಲು ನಿಲ್ಲು ಅಂದೆ. ನಿಂತರೆ ಅವರ ಕೆಲಸ ಹೋಗುತ್ತದೆ ಅನ್ನುವುದೂ ಗೊತ್ತಿತ್ತು.

ಐದು.

"ಗಾಳಿಗುಳ್ಳೆ ಇರಬಹುದು" ಅಂದರು ಇಂಜಿನಿಯರ್.

ಒಂಬತ್ತು. ಫೋನು ಹೊಡೆದುಕೊಂಡಿತು, ಮಗಳದು. ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು, "ಒಂದೆರಡು ನಿಮಿಷ ಅಂತ ಹೇಳು ತಮ್ಮ" ಅಂದರು. ಆ ಹುಡುಗಿ ಅಳುತ್ತಿದ್ದಳು. ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ.

ಹದಿನಾಲ್ಕು. ಹದಿನೆಂಟು. ಹತ್ತೊಂಬತ್ತು. ಅಲ್ಲಿಗೆ ನಿಂತಿತು.

"ಎರಡರಿಂದ ಗುಣಿಸಿದ್ರೆ ಮೂವತ್ತೆಂಟು" ಅಂದರು ಮೇಡಮ್ ನಿಧಾನವಾಗಿ. "ನೀರಲ್ಲಿ ಇದೆ. ನಿಮ್ಮ ಯಂತ್ರ ನಲವತ್ತೇಳು ಅಂದದ್ದರಲ್ಲಿ ಒಂಬತ್ತು ಮಾತ್ರ ಸುಳ್ಳು. ಮಿಕ್ಕದ್ದೆಲ್ಲಾ ನಿಜ. ನಲವತ್ತಕ್ಕೆ ಎರಡೇ ಬಾಕಿ, ಅದೂ ನಿನ್ನೆಯಿಂದ ಏರ್ತಾನೇ ಇದೆ."

ಇಂಜಿನಿಯರ್ ಹೊರಗೆ ಹೋದರು. ನೀರು ಬಿಡಬೇಡಿ, ನದಿಯ ಮೇಲಿನ ದಂಡೆಗೆ ಜನ ಕಳಿಸಿ ಅಂತ ಅವರು ಕೂಗುವುದು ಕೇಳಿಸಿತು. ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ನಿಜ ಕಣೆ. ವಿಷ ಇದೆ. ಹೆಸರು ಬರೆದುಕೋ, ಡಾಕ್ಟ್ರಿಗೆ ತೋರಿಸು." ಆ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಹೆದರಬೇಡ. ಕಮ್ಮಿ ಇದೆ, ಮೂವತ್ತೆಂಟು ಅಂತ ಹೇಳು. ನಾನು ದೊಡ್ಡಾಸ್ಪತ್ರೆಗೆ ಬರ್ತೀನಿ." ಫೋನು ಇಟ್ಟ ಮೇಲೆ ನೆಲದ ಮೇಲೇ ಕೂತುಬಿಟ್ಟರು. ಮೇಡಮ್ ಅವರ ಭುಜ ಹಿಡಿದು ಎಬ್ಬಿಸಿದರು.

ಮಗುವನ್ನು ಎರಡು ದಿನ ಇಟ್ಟುಕೊಂಡರು. ರಕ್ತ ನೋಡಿದರು, ಮತ್ತೆ ನೋಡಿದರು. ರಕ್ತದಲ್ಲಿ ಅಂಥದ್ದೇನೂ ಕಾಣಲಿಲ್ಲ, ಎರಡನೇ ದಿನ ವಾಂತಿ ನಿಂತಿತು. ಅದು ನೀರಿನಿಂದ ಆಯಿತೋ, ಆ ವಾರವಷ್ಟೇ ಬದಲಾಯಿಸಿದ್ದ ಹಾಲಿನ ಪುಡಿಯಿಂದಲೋ ಅಂತ ಡಾಕ್ಟರಿಗೂ ಹೇಳಲಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ದೊಡ್ಡ ಪ್ರಯೋಗಾಲಯದ ಉತ್ತರವೂ ಬಂತು. ವಿಷ ಇದ್ದದ್ದು ನಿಜ. ನದಿಯ ಮೇಲಿನ ದಂಡೆಯ ಗೋದಾಮೊಂದರಲ್ಲಿ ಪೀಪಾಯಿ ತೂತಾಗಿ ಚರಂಡಿಗೆ ಹನಿಹನಿಯಾಗಿ ಇಳಿಯುತ್ತಿತ್ತು. ಅದಕ್ಕೇ ಅಂಕಿ ಇರುವೆಯ ಹಾಗೆ ಹತ್ತಿದ್ದು.

ಲ್ಯಾಬಿನಲ್ಲಿ ಒಬ್ಬರು ಲೆಕ್ಕ ಹಾಕಿ ಹೇಳಿದರು: ಆ ಒಂಬತ್ತರ ಸುಳ್ಳು ಇಲ್ಲದಿದ್ದರೆ ಯಂತ್ರ ಬೆಳಿಗ್ಗೆ ಕೂಗುತ್ತಲೇ ಇರಲಿಲ್ಲ, ಮಧ್ಯಾಹ್ನದ ಮೇಲೆ ಕೂಗುತ್ತಿತ್ತು, ಎಂಟುನೀರಕ್ಕ ಏಳೇ ತೊಳೆದದ್ದರಿಂದ ಊರು ಆರು ಗಂಟೆ ಮುಂಚೆ ಉಳಿಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಡಮ್ ಮಾತ್ರ, "ಆ ಮಾತು ಈ ಕಟ್ಟಡದಲ್ಲಿ ಇನ್ನೊಂದ್ಸಲ ಕೇಳಿಸಬಾರದು" ಅಂದರು. ಅಕ್ಕನ ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಪತ್ರ ಬಂತು, ತೊಳೆತದ ಪುಸ್ತಕ ಅವರ ಕೈಯಿಂದ ಹೋಯಿತು. ಉಳಿದ ತುದಿಗಳನ್ನು ವಾಪಸು ತರಿಸಿ, ಅವರ ಕೈಯಿಂದಲೇ ಒಂದೊಂದಾಗಿ ಮುರಿಸಿ ತೊಟ್ಟಿಗೆ ಹಾಕಿಸಿದರು. ಅಂದಿನಿಂದ ಪ್ರತಿ ತೊಳೆತಕ್ಕೂ ಇಬ್ಬರ ಸಹಿ.

ಮಗಳಿಗೆ ಅವರು ನಿಜ ಹೇಳಿದ್ದು ಇನ್ನೊಂದು ತಿಂಗಳ ಮೇಲೆ. ಭಾನುವಾರ, ಮಗು ಮಲಗಿತ್ತು, ಮಗಳು ಬಟ್ಟೆ ಮಡಚುತ್ತಿದ್ದಳಂತೆ. ನಿನ್ನ ಹೆರಿಗೆಯ ಗಾಬರಿಯಲ್ಲಿ ಹೀಗಾಯಿತು ಅಂತ ಅಕ್ಕ ಶುರು ಮಾಡಿದರು. ಮಗಳು ಪೂರ್ತಿ ಕೇಳಿದಳು.

"ಬಿಟ್ಟು ಓಡಿಬಂದೆ, ಸರಿ. ಯಾವ ತಾಯಾದ್ರೂ ಓಡಿಬರ್ತಾಳೆ" ಅಂದಳು. "ಆದ್ರೆ ಬರೆಯೋವಾಗ ನನ್ನ ಹೆರಿಗೆ ಮುಗಿದಿತ್ತಲ್ಲಮ್ಮ. ಆ ಸುಳ್ಳಿಗೆ ನನ್ನ ಹೆಸರು ಹಾಕಬೇಡ."

ಮಗಳು ಒಂದಷ್ಟು ವಾರ ಫೋನ್ ಮಾಡಲಿಲ್ಲ, ಆಮೇಲೆ ಮಾಡಿದಳು. ಮಗುವಿಗೆ ಹಲ್ಲು ಬಂದಾಗ ಫೋಟೋ ಕಳಿಸಿದಳು, ಅಕ್ಕ ಅದನ್ನು ವ್ಯಾನಿನಲ್ಲಿ ನನಗೆ ತೋರಿಸಿದರು. ಅಕ್ಕ ಇನ್ನೂ ಎರಡು ವರ್ಷ ಕೆಲಸ ಮಾಡಿ ನಿವೃತ್ತರಾದರು. ಮೇಡಮ್ ಆರು ತಿಂಗಳಿಗೇ ಪುಸ್ತಕ ವಾಪಸು ಕೊಡಲು ಹೋಗಿದ್ದರು. "ಬೇಡ ಮೇಡಮ್, ಪಕ್ಕದಲ್ಲಿ ಇನ್ನೊಬ್ಬರ ಸಹಿ ಇದ್ರೆ ನಂಗೆ ರಾತ್ರಿ ನಿದ್ದೆ ಬರತ್ತೆ" ಅಂದರಂತೆ ಅಕ್ಕ.